ಮಸಿಯ ಕಡಲಿನಲ್ಲಿ ಒಬ್ಬ ಮುನ್ಶಿ

1874ರ ಫೆಬ್ರವರಿ 4ರಂದು ಹಾಂಗ್‌ಕಾಂಗ್‌ನಲ್ಲಿ ಒಂದು ಚೀನೀ ದಿನಪತ್ರಿಕೆ ಹುಟ್ಟಿತು. ಹೆಸರು ‘ಶುನ್‌ಹುವಾನ್ ರಿಬಾವೊ’. ಬಂಡವಾಳ ಚೀನೀಯರದು, ಅಚ್ಚುಕೂಟ ಚೀನೀಯರದು, ಸಂಪಾದಕನೂ ಚೀನೀಯನೇ. ಅದಕ್ಕೆ ಮೊದಲು ಚೀನೀ ಭಾಷೆಯಲ್ಲಿ ಪತ್ರಿಕೆಗಳು ಇರಲಿಲ್ಲವೆಂದಲ್ಲ. ಇದ್ದವು. ಆದರೆ ಬಹುಪಾಲು ಪತ್ರಿಕೆಗಳ ಹಿಂದೆ ಒಬ್ಬ ಪಾದ್ರಿಯೋ ಒಬ್ಬ ಇಂಗ್ಲಿಷ್ ವ್ಯಾಪಾರಿಯೋ ಇರುತ್ತಿದ್ದ. ಹಿಂದಿನ ವರ್ಷವಷ್ಟೇ ಹಾಂಕೌ ಪಟ್ಟಣದಲ್ಲಿ ಚೀನೀಯರೇ ಹೊರಡಿಸಿದ್ದ ಒಂದು ಪತ್ರಿಕೆ ಬೇಗನೆ ಕಣ್ಣುಮುಚ್ಚಿತ್ತು. ‘ಶುನ್‌ಹುವಾನ್ ರಿಬಾವೊ’ ಹಾಗಾಗಲಿಲ್ಲ. ಅದು ಬೇರೂರಿತು, 20ನೇ ಶತಮಾನವನ್ನೂ ಕಂಡಿತು. ಆದ್ದರಿಂದಲೇ ಅದರ ಸಂಪಾದಕ ವಾಂಗ್ ತಾವೊನನ್ನು ಚೀನಾದ ಪತ್ರಿಕೋದ್ಯಮದ ಪಿತಾಮಹರಲ್ಲಿ ಒಬ್ಬನೆಂದು ಕರೆಯುತ್ತಾರೆ.

ಪಿತಾಮಹ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಿಳಿ ಗಡ್ಡದ, ಗಂಭೀರ ಮುಖದ ಒಂದು ಭಾವಚಿತ್ರ. ವಾಂಗ್ ತಾವೊನನ್ನು ಆ ಚೌಕಟ್ಟಿನಲ್ಲಿ ಕೂರಿಸುವುದು ಕಷ್ಟ. ಪತ್ರಿಕೆ ಆರಂಭಿಸಿದಾಗ ಆತನಿಗೆ 45 ವರ್ಷ. ಚಕ್ರವರ್ತಿಯ ಸರ್ಕಾರ ಆತನನ್ನು ಹಿಡಿಯಲು ಆಜ್ಞೆ ಹೊರಡಿಸಿ 12 ವರ್ಷಗಳಾಗಿದ್ದವು. ಪರೀಕ್ಷೆಯಲ್ಲಿ ಸೋತವ, ಗುಟ್ಟಾಗಿ ಕ್ರೈಸ್ತನಾದವ, ಕುಡುಕ, ಗಣಿಕೆಯರ ಮನೆಗಳ ಖಾಯಂ ಅತಿಥಿ, ದೆವ್ವ ಮತ್ತು ನರಿಗಳ ಕತೆ ಬರೆಯುವವ. ಇಂಥವನ ಕೈಯಿಂದ ಪಾರ್ಲಿಮೆಂಟು, ರೈಲು, ಕಾನೂನು, ವ್ಯಾಪಾರ ಕುರಿತ ಸಂಪಾದಕೀಯಗಳು ಹೊರಬಂದವು. ಇದು ಹೇಗೆ ಸಾಧ್ಯವಾಯಿತು? ಕೆಲವು ಚರಿತ್ರೆಕಾರರು ಸುಧಾರಕನನ್ನು ಇಟ್ಟುಕೊಂಡು ರಸಿಕನನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಕತೆಗಾರನಾದ ನನಗೆ ಆ ವಿಂಗಡಣೆ ಒಪ್ಪಿಗೆಯಿಲ್ಲ. ಆ ಇಬ್ಬರೂ ಒಬ್ಬನೇ, ಒಂದೇ ಕುಂಚದಿಂದ ಬರೆದವನು.

ಚೀನಾದಲ್ಲಿ ‘ವೆನ್‌ರೆನ್’ ಎಂಬ ಒಂದು ಮಾತಿದೆ. ಅಕ್ಷರಶಃ ಬರಹದ ಮನುಷ್ಯ. ಆದರೆ ಅದು ಬರೀ ವೃತ್ತಿಯ ಹೆಸರಲ್ಲ, ಒಂದು ಸ್ವಭಾವದ ಹೆಸರು. ಉರ್ದು ಓದಿದವರಿಗೆ ‘ಶಾಯರಾನಾ ಮಿಜಾಜು’ ಎಂದರೆ ಥಟ್ಟನೆ ಅರ್ಥವಾದೀತು. ಗೆಳೆಯರ ಮೆಹಫಿಲು, ಬಟ್ಟಲು, ಕೂಡಲೇ ಕಟ್ಟಿದ ಪದ್ಯ, ತನ್ನ ಪ್ರತಿಭೆಗೆ ತಕ್ಕ ಬೆಲೆ ಸಿಗಲಿಲ್ಲವೆಂಬ ನಿತ್ಯದ ಕೊರಗು, ಕೈಯಲ್ಲಿ ಕಾಸಿಲ್ಲದಿದ್ದರೂ ನಡೆಯಲ್ಲಿ ನವಾಬಿ. ಈ ಮಿಜಾಜು ಸಾಮಾನ್ಯವಾಗಿ ಮನುಷ್ಯನನ್ನು ಕೆಡಿಸುತ್ತದೆ. ವಾಂಗ್ ತಾವೊನನ್ನು ಅದು ಕೆಡಿಸಿತು, ಜೊತೆಗೆ ಪತ್ರಕರ್ತನನ್ನಾಗಿಯೂ ಮಾಡಿತು.

ಆತ ಹುಟ್ಟಿದ್ದು 1828ರ ನವೆಂಬರಿನಲ್ಲಿ, ಸುಝೌ ನಗರದ ಹತ್ತಿರ, ಕಾಲುವೆಗಳ ನಡುವಿನ ಫೂಲಿ ಎಂಬ ಊರಿನಲ್ಲಿ. ತಂದೆ ಮನೆಮನೆಯ ಹುಡುಗರಿಗೆ ಪಾಠ ಹೇಳಿ ಬದುಕುವ ಬಡ ಮೇಷ್ಟ್ರು. ಆ ಕಾಲದ ಚೀನಾದಲ್ಲಿ ಬಡ ಮೇಷ್ಟ್ರ ಮಗನಿಗೆ ಮೇಲೇರಲು ಇದ್ದದ್ದು ಒಂದೇ ಏಣಿ. ಅದು ಸರ್ಕಾರಿ ಪರೀಕ್ಷೆ. ಕನ್‌ಫ್ಯೂಷಿಯಸನ ಗ್ರಂಥಗಳನ್ನು ಬಾಯಿಪಾಠ ಮಾಡಿ, ಕಟ್ಟುನಿಟ್ಟಾದ ಚೌಕಟ್ಟಿನ ಪ್ರಬಂಧ ಬರೆದು, ಹಂತ ಹಂತವಾಗಿ ಏರಬೇಕು. 1845ರಲ್ಲಿ ಹುಡುಗ ಮೊದಲ ಹಂತವನ್ನು ಲೀಲಾಜಾಲವಾಗಿ ದಾಟಿದ. ಮರುವರ್ಷ ನಾನ್‌ಜಿಂಗ್‌ನಲ್ಲಿ ನಡೆದ ಪ್ರಾಂತೀಯ ಪರೀಕ್ಷೆಯಲ್ಲಿ ಫೇಲಾದ. ಆ ಪರೀಕ್ಷೆಯಲ್ಲಿ ಫೇಲಾಗುವುದು ಅವಮಾನವೇನಲ್ಲ, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಫೇಲಾಗುತ್ತಿದ್ದರು. ಆದರೆ ಎರಡನೇ ಹಂತ ದಾಟದವನಿಗೆ ಸರ್ಕಾರಿ ಹುದ್ದೆಯಿಲ್ಲ. ಹುದ್ದೆಯಿಲ್ಲದವನ ಮಾತನ್ನು ರಾಜ್ಯ ಕೇಳುವುದಿಲ್ಲ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಆತನ ಮುಂದಿನ ಐವತ್ತು ವರ್ಷಗಳು ತಿಳಿಯುತ್ತವೆ.

ತಂದೆ ಜೀವನೋಪಾಯಕ್ಕಾಗಿ ಶಾಂಘೈಗೆ ಹೋಗಿದ್ದ. 1842ರ ಒಪ್ಪಂದದ ನಂತರ ವಿದೇಶಿಯರಿಗೆ ತೆರೆದುಕೊಂಡ ಬಂದರು ಅದು. 1848ರಲ್ಲಿ ತಂದೆಯನ್ನು ನೋಡಲು ಹೋದ ಮಗ ಅಲ್ಲಿ ಲಂಡನ್ ಮಿಷನ್ನಿನ ಅಚ್ಚುಕೂಟಕ್ಕೂ ಭೇಟಿ ಕೊಟ್ಟ. ಬಳ್ಳಾರಿಯಲ್ಲಿ ನೆಲೆಯೂರಿ ಬೈಬಲನ್ನು ಕನ್ನಡಕ್ಕೆ ತಂದದ್ದೂ ಇದೇ ಲಂಡನ್ ಮಿಷನ್. ಶಾಂಘೈಯಲ್ಲಿ ಅದರ ಮುಖ್ಯಸ್ಥ ವಾಲ್ಟರ್ ಮೆಡ್‌ಹರ್ಸ್ಟ್. ಮುದ್ರಕನಾಗಿ ಮಲಕ್ಕಾಕ್ಕೆ ಬಂದು ಪಾದ್ರಿಯಾದವನು. ಅಚ್ಚುಕೂಟದ ಚೀನೀ ಹೆಸರು ‘ಮೊಹಾಯ್ ಶುಗುವಾನ್’, ಅಂದರೆ ಮಸಿಯ ಕಡಲಿನ ಪುಸ್ತಕಶಾಲೆ. ಅಲ್ಲಿನ ದೊಡ್ಡ ಮುದ್ರಣಯಂತ್ರವನ್ನು ಒಂದು ಎತ್ತು ಸುತ್ತುತ್ತ ತಿರುಗಿಸುತ್ತಿತ್ತು, ನಮ್ಮ ಎಣ್ಣೆ ಗಾಣದ ಹಾಗೆ. ಶಾಂಘೈಯ ಕವಿಗಳಿಗೆ ಅದೊಂದು ಸೋಜಿಗ. ಆ ಎತ್ತಿನ ಮೇಲೆ ಪದ್ಯ ಕಟ್ಟಿದವರೂ ಇದ್ದಾರೆ. ಮೆಡ್‌ಹರ್ಸ್ಟ್ ಹುಡುಗನಿಗೆ ಯಂತ್ರ ತೋರಿಸಿದ, ಗಾಜಿನ ಬಟ್ಟಲಿನಲ್ಲಿ ದ್ರಾಕ್ಷಾರಸ ಕೊಟ್ಟ, ಮನೆಯಲ್ಲಿ ವಾದ್ಯ ನುಡಿಸಿ ಕೇಳಿಸಿದರು. ಎಷ್ಟೋ ವರ್ಷಗಳ ಮೇಲೆ ಬರೆಯುವಾಗಲೂ ಯಂತ್ರದಷ್ಟೇ ಅಕ್ಕರೆಯಿಂದ ಆ ಬಟ್ಟಲನ್ನೂ ಆ ಸಂಗೀತವನ್ನೂ ಆತ ನೆನೆಯುತ್ತಾನೆ. ಮಿಜಾಜು ಎಂದೆನಲ್ಲ, ಇದೇ ಅದು.

1849ರಲ್ಲಿ ತಂದೆ ತೀರಿಕೊಂಡ. ಸಂಸಾರದ ಹೊರೆ ಹೆಗಲ ಮೇಲೆ ಬಿತ್ತು. ಮೆಡ್‌ಹರ್ಸ್ಟ್ ಕರೆದ, ಈತ ಹೋದ. ಮುಂದಿನ 13 ವರ್ಷ ಆ ಮಸಿಯ ಕಡಲೇ ಆತನ ಅನ್ನ.

ಕೆಲಸ ಏನು? ಪಾದ್ರಿ ಇಂಗ್ಲಿಷ್ ಪಠ್ಯವನ್ನು ನೋಡುತ್ತ ಮುರುಕು ಚೀನೀ ಮಾತಿನಲ್ಲಿ ಅರ್ಥ ಹೇಳಬೇಕು, ಪಂಡಿತ ಅದನ್ನು ಕೇಳಿ ಒಪ್ಪವಾದ ಗ್ರಾಂಥಿಕ ಚೀನೀ ಭಾಷೆಯಲ್ಲಿ ಬರೆಯಬೇಕು. ಬೈಬಲಿನ ಪ್ರಸಿದ್ಧ ಚೀನೀ ಅನುವಾದವೊಂದು ಹೀಗೆಯೇ ರೂಪುಗೊಂಡಿತು. ಅದರ ಹಿಂದೆ ವಾಂಗ್ ತಾವೊನ ಕುಂಚವಿದೆ, ಮುಖಪುಟದಲ್ಲಿ ಹೆಸರಿಲ್ಲ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನ ಮುನ್ಶಿಗಳ ಕತೆ ಗೊತ್ತಿರುವವರಿಗೆ ಈ ವ್ಯವಸ್ಥೆ ಹೊಸದಲ್ಲ. ಸಾಹೇಬನ ಹೆಸರು ಉಳಿಯುತ್ತದೆ, ಮುನ್ಶಿಯ ಬೆರಳಿಗೆ ಮಸಿ ಉಳಿಯುತ್ತದೆ. ಆದರೆ ಮೀರ್ ಅಮ್ಮನನಿಗೆ ‘ಬಾಗ್-ಒ-ಬಹಾರ್’ ದಕ್ಕಿತು. ವಾಂಗ್ ತಾವೊನಿಗೆ ಆಗಿನ್ನೂ ಏನೂ ದಕ್ಕಿರಲಿಲ್ಲ.

ಈ ಕೆಲಸವನ್ನು ಆತ ಪ್ರೀತಿಸಲಿಲ್ಲ. ಊರಿನವರ ಕಣ್ಣಲ್ಲಿ ವಿದೇಶಿಯರ ಕೂಲಿಯಾಗುವುದು ವಿದ್ವಾಂಸನಿಗೆ ತಕ್ಕುದಲ್ಲ. ಕುಂಚ ಹಿಡಿದವನೆಂಬುದು ಹೆಸರಿಗೆ ಮಾತ್ರ, ನಿಜವಾಗಿ ನಡೆಯುವುದು ಅವರ ಹುಕುಂ. ಆ ಪಠ್ಯವನ್ನು ಕನ್‌ಫ್ಯೂಷಿಯಸನೇ ಎದ್ದು ಬಂದರೂ ತಿದ್ದಲಾರ ಎಂದು ಗೆಳೆಯನಿಗೆ ಬರೆದ ಪತ್ರದಲ್ಲಿ ಗೊಣಗುತ್ತಾನೆ. 1854ರಲ್ಲಿ ಆತ ದೀಕ್ಷಾಸ್ನಾನ ಪಡೆದ. ಮಿಷನ್ನಿನ ದಾಖಲೆಗಳಲ್ಲಿ ಅದು ಇದೆ. ತನ್ನ ಪ್ರಕಟಿತ ಬರಹಗಳಲ್ಲಿ ಅದರ ಸುಳಿವು ಸಿಗದಂತೆ ಆತ ನೋಡಿಕೊಂಡ. ನಂಬಿಕೆಯೋ, ನೌಕರಿಯೋ? ಒಬ್ಬ ಮನುಷ್ಯನ ಎದೆಯೊಳಗಿನ ಲೆಕ್ಕವನ್ನು ಹೊರಗಿನವರು ತೆಗೆಯಬಾರದು. ಆದರೆ ಬಚ್ಚಿಟ್ಟದ್ದಂತೂ ನಿಜ. ಬೆಳಿಗ್ಗೆ ಬೈಬಲು, ಸಂಜೆ ಬಟ್ಟಲು. ಗಣಿತಜ್ಞ ಲಿ ಶಾನ್‌ಲಾನ್, ಕವಿ ಜಿಯಾಂಗ್ ದುನ್‌ಫು ಇಬ್ಬರೂ ಆತನ ಸಂಗಾತಿಗಳು. ಮೂವರೂ ಚಹದಂಗಡಿ, ಹೆಂಡದಂಗಡಿ, ಗಣಿಕೆಯರ ಬೀದಿ ಸುತ್ತುತ್ತಿದ್ದರು. ಆ ದಿನಗಳ ದಿನಚರಿಯಲ್ಲಿ ಇದೆಲ್ಲ ಇದೆ: ಸಾಲ, ತಲೆನೋವು, ಪದ್ಯ, ಪಶ್ಚಾತ್ತಾಪ, ಮತ್ತೆ ಹೆಂಡ.

ಹಾಗೆಂದು ಇವರನ್ನು ಬರೀ ಪೋಲಿಗಳೆಂದುಕೊಳ್ಳಬೇಡಿ. ಯೂಕ್ಲಿಡನ ಮೊದಲ ಆರು ಪುಸ್ತಕಗಳನ್ನು 1607ರಲ್ಲಿ ಮತ್ತೆಯೊ ರಿಚ್ಚಿ ಮತ್ತು ಶು ಗುವಾಂಗ್‌ಚಿ ಚೀನೀ ಭಾಷೆಗೆ ತಂದು ಅಲ್ಲಿಗೇ ಬಿಟ್ಟಿದ್ದರು. ಎರಡೂವರೆ ಶತಮಾನದ ಮೇಲೆ ಉಳಿದ ಪುಸ್ತಕಗಳನ್ನು ಮುಗಿಸಿದವರು ಇದೇ ಅಚ್ಚುಕೂಟದ ಲಿ ಶಾನ್‌ಲಾನ್ ಮತ್ತು ಅಲೆಕ್ಸಾಂಡರ್ ವೈಲಿ. ಈ ವೈಲಿಯೇ 1857ರ ಜನವರಿಯಲ್ಲಿ ‘ಲ್ಯೂಹೆ ತ್ಸೊಂಗ್‌ತಾನ್’ ಎಂಬ ಮಾಸಪತ್ರಿಕೆ ಶುರುಮಾಡಿದ. ಶಾಂಘೈಯ ಮೊದಲ ಚೀನೀ ನಿಯತಕಾಲಿಕವೆಂದು ಅದಕ್ಕೆ ಹೆಸರಿದೆ. ಭೂಗೋಳ, ಖಗೋಳ, ಕ್ರೈಸ್ತ ಬೋಧೆ, ಹಡಗು ಮತ್ತು ಸರಕಿನ ಸುದ್ದಿ, ಗ್ರೀಕ್ ಮತ್ತು ರೋಮನ್ ಸಾಹಿತ್ಯದ ಪರಿಚಯ ಎಲ್ಲವೂ ಅದರಲ್ಲಿ. ಹೋಮರನ ಹೆಸರನ್ನು ಚೀನೀ ಓದುಗರು ಕೇಳಿದ್ದು ಇಂಥ ಪುಟಗಳಲ್ಲಿ. ಪಾಶ್ಚಾತ್ಯ ಖಗೋಳ ವಿಜ್ಞಾನದ ಬೆಳವಣಿಗೆಯನ್ನು ಕುರಿತು ವೈಲಿ ಹೇಳಿದ್ದನ್ನು ವಾಂಗ್ ತಾವೊ ಬರಹಕ್ಕಿಳಿಸಿದ. ಪತ್ರಿಕೆ ಮರುವರ್ಷವೇ ನಿಂತಿತು. ಆದರೆ ಮುನ್ಶಿಗೆ ಒಂದು ಪಾಠವಾಗಿತ್ತು. ಪುಸ್ತಕ ಬರೆದರೆ ಪಂಡಿತರು ಓದುತ್ತಾರೆ. ತಿಂಗಳು ತಿಂಗಳೂ ಬರುವ ಹಾಳೆಯನ್ನು ಯಾರು ಬೇಕಾದರೂ ಓದುತ್ತಾರೆ, ಮುಂದಿನ ತಿಂಗಳಿಗೆ ಕಾಯುತ್ತಾರೆ.

ಹೊರಗೆ ಚೀನಾ ಹೊತ್ತಿ ಉರಿಯುತ್ತಿತ್ತು. ತೈಪಿಂಗ್ ಬಂಡಾಯಗಾರರು ನಾನ್‌ಜಿಂಗನ್ನು ರಾಜಧಾನಿ ಮಾಡಿಕೊಂಡು ಚಕ್ರವರ್ತಿಯ ಎದುರು ಇನ್ನೊಂದು ಸರ್ಕಾರ ಕಟ್ಟಿದ್ದರು. ವಾಂಗ್ ತಾವೊ ಚಕ್ರವರ್ತಿಯ ಕಡೆಯ ಅಧಿಕಾರಿಗಳಿಗೆ ಸಲಹೆಯ ಪತ್ರಗಳನ್ನು ಬರೆದಿದ್ದ. ಅವರು ಮೆಚ್ಚಲಿಲ್ಲ, ಬಳಸಿಕೊಳ್ಳಲಿಲ್ಲ. 1862ರ ಆರಂಭದಲ್ಲಿ ತಾಯಿಯ ಕಾಯಿಲೆಯ ನೆಪದಲ್ಲಿ ಬಂಡಾಯಗಾರರ ಹಿಡಿತದಲ್ಲಿದ್ದ ತನ್ನ ಊರಿಗೆ ಹೋದ. ಅಲ್ಲಿಂದ ‘ಹುವಾಂಗ್ ವಾನ್’ ಎಂಬ ಹೆಸರಿನಲ್ಲಿ ತೈಪಿಂಗ್ ಅಧಿಕಾರಿಯೊಬ್ಬನಿಗೆ ಒಂದು ಉದ್ದನೆಯ ಪತ್ರ ಹೋಯಿತು. ಶಾಂಘೈಯ ಮೇಲೆ ಬೀಳಬೇಡಿ, ವಿದೇಶಿಯರನ್ನು ಕೆರಳಿಸಬೇಡಿ, ಬಲವನ್ನೆಲ್ಲ ನದಿಯ ಮೇಲ್ಭಾಗಕ್ಕೆ ತಿರುಗಿಸಿ ತ್ಸೆಂಗ್ ಗುವೊಫಾನನ ಸೈನ್ಯವನ್ನು ಎದುರಿಸಿ ಎಂಬುದು ಅದರ ತಿರುಳು. ಸಲಹೆ ಜಾಣತನದ್ದೇ. ಆದರೆ ಪತ್ರ ಸರ್ಕಾರಿ ಪಡೆಗಳ ಕೈಗೆ ಬಿತ್ತು. ಕೈಬರಹ, ಶೈಲಿ, ಸಂದರ್ಭ ಎಲ್ಲ ಸೇರಿ ಬರೆದವನ ಸುಳಿವು ಕೊಟ್ಟವು. ಹಿಡಿದು ತನ್ನಿ ಎಂದು ಆಜ್ಞೆಯಾಯಿತು. ಹಿಡಿದರೆ ತಲೆ ಹೋಗುವುದು ಖಂಡಿತ.

ಕಾಪಾಡಿದ್ದು ಬ್ರಿಟಿಷ್ ಕಾನ್ಸುಲ್ ಕಚೇರಿ. ಆಗ ಕಾನ್ಸುಲ್ ಆಗಿದ್ದವನು ಹಳೆಯ ಯಜಮಾನ ಮೆಡ್‌ಹರ್ಸ್ಟನ ಮಗ. 135 ದಿನ ಆ ಕಟ್ಟಡದೊಳಗೆ ಅಡಗಿದ್ದ. ಅಷ್ಟರೊಳಗೆ ತಾಯಿ ತೀರಿಕೊಂಡಳು. ಮಗನಾದವನು ಹೊರಗೆ ಕಾಲಿಡಲಾಗಲಿಲ್ಲ. ಚೀನೀ ಸಮಾಜದಲ್ಲಿ ತಾಯಿಯ ಅಂತ್ಯಸಂಸ್ಕಾರಕ್ಕಿಲ್ಲದ ಮಗ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆ ಅಕ್ಟೋಬರಿನಲ್ಲಿ ಆತನನ್ನು ಹಡಗು ಹತ್ತಿಸಿ ಹಾಂಗ್‌ಕಾಂಗ್‌ಗೆ ಸಾಗಿಸಿದರು. ಅಲ್ಲಿ ಹೆಸರು ಬದಲಾಯಿಸಿದ. ವಾಂಗ್ ತಾವೊ ಎಂದು ನಾವು ಈತನಕ ಕರೆದ ಹೆಸರು ಹುಟ್ಟಿದ್ದೇ ಆಗ. ಜೊತೆಗೊಂದು ಕಾವ್ಯನಾಮವನ್ನೂ ಇಟ್ಟುಕೊಂಡ: ‘ದಕ್ಷಿಣ ದಿಗಂತಕ್ಕೆ ಓಡಿಬಂದ ಮುದುಕ’ ಎಂಬ ಅರ್ಥದ್ದು. ಅಪಮಾನವನ್ನೇ ಕಾವ್ಯನಾಮವಾಗಿ ತೊಡುವುದು ಕವಿಗಳ ಹಳೆಯ ಚಾಳಿ.

ಪತ್ರ ತನ್ನದಲ್ಲವೆಂದು ಕೊನೆಯವರೆಗೂ ವಾದಿಸಿದ. ಬಹುಪಾಲು ವಿದ್ವಾಂಸರು ಅದು ಆತನದೇ ಎನ್ನುತ್ತಾರೆ. ತೈಪಿಂಗರ ಪರೀಕ್ಷೆಯಲ್ಲಿ ಈತನೇ ಮೊದಲ ರ‍್ಯಾಂಕು ಬಂದಿದ್ದನೆಂಬ ಒಂದು ದಂತಕತೆಯೂ ಹಬ್ಬಿತು. ಅದು ಸುಳ್ಳು, ಆದರೆ ಎಷ್ಟು ಒಪ್ಪುವ ಸುಳ್ಳು! ನನಗೆ ಅನಿಸುವುದು ಇಷ್ಟು: ಈ ಪತ್ರದಲ್ಲಿ ದೇಶದ್ರೋಹಕ್ಕಿಂತ ಹೆಚ್ಚಾಗಿ ಒಬ್ಬ ಬರಹಗಾರನ ಹಸಿವಿದೆ. ಯಾರಾದರೂ ಸರಿ, ನನ್ನ ಮಾತನ್ನು ಕೇಳಿ ಎಂಬ ಹಸಿವು. ಅದನ್ನು ಕ್ಷಮಿಸಬೇಕೆಂದು ನಾನು ಹೇಳುತ್ತಿಲ್ಲ. ಗೆದ್ದವರ ಕೈಯಲ್ಲಿ ಊರುಗಳು ಬೂದಿಯಾಗುತ್ತಿದ್ದ ಯುದ್ಧದಲ್ಲಿ ಎರಡೂ ಕಡೆಗೆ ಸಲಹೆ ಬರೆಯುವುದು ಸಣ್ಣ ಆಟವಲ್ಲ. ಆದರೆ ಪತ್ರಿಕೆಯೆಂಬುದು ಇಲ್ಲದ ಸಮಾಜದಲ್ಲಿ ಹುದ್ದೆಯಿಲ್ಲದವನ ಮುಂದಿದ್ದದ್ದು ಅರ್ಜಿ ಮತ್ತು ಪಿತೂರಿ ಎರಡೇ. ಅರ್ಜಿ ಕಸದ ಬುಟ್ಟಿಗೆ ಹೋಯಿತು, ಪಿತೂರಿ ಬಯಲಾಯಿತು. ಮೂರನೆಯ ದಾರಿ ಕಾಣಲು ಇನ್ನೂ 12 ವರ್ಷ ಬೇಕಾಯಿತು.

ಹಾಂಗ್‌ಕಾಂಗ್ ಮೊದಮೊದಲು ಹಿಡಿಸಲಿಲ್ಲ. ಊಟ ಸೇರಲಿಲ್ಲ, ಅಲ್ಲಿನ ಕ್ಯಾಂಟೊನೀಸ್ ಮಾತು ತಿಳಿಯಲಿಲ್ಲ. ಕೆಲಸ ಮತ್ತೆ ಒಬ್ಬ ಪಾದ್ರಿಯ ಬಳಿಯೇ. ಆದರೆ ಈ ಪಾದ್ರಿ ಬೇರೆ ತರಹದವನು. ಸ್ಕಾಟ್ಲೆಂಡಿನ ಜೇಮ್ಸ್ ಲೆಗ್ ಚೀನಾದ ಪ್ರಾಚೀನ ಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದ. ಈ ಬಾರಿ ಮುನ್ಶಿಯ ಕೆಲಸ ತಿರುವುಮುರುವಾಯಿತು. ಸಾಹೇಬನ ಗ್ರಂಥವನ್ನು ತನ್ನ ಭಾಷೆಗೆ ತರುವುದಲ್ಲ, ತನ್ನ ಗ್ರಂಥವನ್ನು ಸಾಹೇಬನಿಗೆ ಅರ್ಥ ಮಾಡಿಸುವುದು. ಇತಿಹಾಸದ ಗ್ರಂಥ, ಪದ್ಯಗಳ ಗ್ರಂಥ, ವಸಂತ-ಶರತ್ತುಗಳ ವೃತ್ತಾಂತ ಒಂದೊಂದಕ್ಕೂ ಹಿಂದಿನ ವ್ಯಾಖ್ಯಾನಗಳನ್ನೆಲ್ಲ ಕಲೆಹಾಕಿ ಟಿಪ್ಪಣಿ ಮಾಡಿಕೊಟ್ಟ. 1865ರಿಂದ 1872ರವರೆಗೆ ಬಂದ ಲೆಗ್‌ನ ಸಂಪುಟಗಳ ಬೆನ್ನೆಲುಬು ಈ ಟಿಪ್ಪಣಿಗಳು. ಲೆಗ್ ದೊಡ್ಡ ಮನುಷ್ಯ, ಮುನ್ನುಡಿಯಲ್ಲಿ ಹೆಸರು ಹೇಳಿ ಮೆಚ್ಚಿಕೊಂಡಿದ್ದಾನೆ.

1867ರಲ್ಲಿ ಲೆಗ್ ಊರಿಗೆ ಮರಳಿದಾಗ ವಾಂಗ್ ತಾವೊನನ್ನೂ ಕರೆಸಿಕೊಂಡ. ಸಿಂಗಾಪುರ, ಪಿನಾಂಗ್, ಸಿಲೋನ್, ಏಡನ್, ಈಜಿಪ್ಟ್, ಮಾರ್ಸೇಲ್ಸ್, ಪ್ಯಾರಿಸ್, ಲಂಡನ್ ದಾಟಿ ಸ್ಕಾಟ್ಲೆಂಡಿನ ಡಾಲರ್ ಎಂಬ ಪುಟ್ಟ ಊರು. ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. 1870ರವರೆಗೆ ಅಲ್ಲಿದ್ದ. (ನಮ್ಮ ಸರ್ ಸೈಯದ್ ಅಹಮದ್ ಖಾನ್ ಲಂಡನ್ನಿನಲ್ಲಿದ್ದದ್ದೂ 1869-70ರಲ್ಲೇ. ಅವರೂ ಮರಳಿದವರೇ ಪತ್ರಿಕೆ ಆರಂಭಿಸಿದರು, ‘ತಹಜೀಬುಲ್ ಅಖ್ಲಾಖ್’. ಅಷ್ಟು ವರ್ಷ ಇಂಗ್ಲಿಷರ ನಡುವೆ ಇದ್ದ ವಾಂಗ್ ತಾವೊ ಮಾತ್ರ ಇಂಗ್ಲಿಷ್ ಕಲಿಯುವ ಗೋಜಿಗೆ ಹೋಗಲಿಲ್ಲ.) ಆಕ್ಸ್‌ಫರ್ಡಿನಲ್ಲಿ ಭಾಷಣ ಮಾಡಿದ, ಮ್ಯೂಸಿಯಂ ನೋಡಿದ, ಕಾರ್ಖಾನೆ ನೋಡಿದ, ಕೂಟಗಳಲ್ಲಿ ಚೀನೀ ಪದ್ಯಗಳನ್ನು ರಾಗವಾಗಿ ಹಾಡಿ ತೋರಿಸಿದ.

ಆ ಪ್ರವಾಸದ ಬಗ್ಗೆ ಬರೆಯುವಾಗ ಆತ ಹೇಳುವ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಉತ್ತರದ ಅಬರ್ಡೀನಿನಲ್ಲಿ ಚೀನೀಯರನ್ನೇ ಕಂಡಿರದ ಮಕ್ಕಳು ಆತನ ಉದ್ದ ನಿಲುವಂಗಿ, ಜಡೆ ನೋಡಿ ಚೀನೀ ಹೆಂಗಸೊಬ್ಬಳು ಬಂದಿದ್ದಾಳೆಂದು ಬೆರಳು ತೋರಿಸಿದವು. ಇನ್ನೊಂದು ಮಗು, ಅಲ್ಲ, ಇವಳು ಝಾನ್ ವುನ ಹೆಂಡತಿ ಎಂದಿತು. ಝಾನ್ ವು ಎಂದರೆ ಆಗ ಬ್ರಿಟನ್ನಿನ ತುಂಬ ಪ್ರದರ್ಶನ ಕೊಡುತ್ತಿದ್ದ ಚೀನೀ ದೈತ್ಯ, ಸರ್ಕಸ್ಸಿನ ಎತ್ತರದ ಆಳು. ಆಕ್ಸ್‌ಫರ್ಡಿನಲ್ಲಿ ಕನ್‌ಫ್ಯೂಷಿಯಸನ ಬಗ್ಗೆ ಮಾತಾಡಿದವನು ಇಲ್ಲಿ ಸರ್ಕಸ್ ದೈತ್ಯನ ಹೆಂಡತಿ! ಬೇರೆ ಯಾರಾದರೂ ಆಗಿದ್ದರೆ ಇದನ್ನು ನುಂಗಿಕೊಳ್ಳುತ್ತಿದ್ದರು. ಈತ ನೊಂದುಕೊಂಡ, ನೊಂದದ್ದನ್ನು ಬರೆದ, ಮಕ್ಕಳ ಮಾತನ್ನು ಕೇಳಿದ ಹಾಗೆಯೇ ಚೀನೀ ಲಿಪಿಯಲ್ಲಿ ಇಳಿಸಿದ. ಒಳ್ಳೆಯ ವರದಿಗಾರನ ಕಿವಿ ಅದು.

ಮರಳಿ ಬಂದ ವರ್ಷವೇ ಪ್ರಷ್ಯಾ ಮತ್ತು ಫ್ರಾನ್ಸ್ ನಡುವೆ ಯುದ್ಧ ಶುರುವಾಯಿತು. ಇಂಗ್ಲಿಷ್ ಬಲ್ಲ ಝಾಂಗ್ ತ್ಸುಂಗ್‌ಲಿಯಾಂಗ್ ಎಂಬಾತನ ನೆರವಿನಿಂದ ತಂತಿ ವರದಿಗಳನ್ನೂ ಪತ್ರಿಕೆಗಳನ್ನೂ ಜಾಲಾಡಿ ಹಾಂಗ್‌ಕಾಂಗ್‌ನ ಚೀನೀ ಪತ್ರಿಕೆಗೆ ಯುದ್ಧದ ವೃತ್ತಾಂತ ಬರೆಯತೊಡಗಿದ. 1873ರಲ್ಲಿ ಅದು ಪುಸ್ತಕವಾಯಿತು. ಕೆಲವೇ ತಿಂಗಳ ಹಿಂದೆ ತಾನು ಕಂಡಿದ್ದ ಪ್ಯಾರಿಸ್ ಮುತ್ತಿಗೆಗೆ ಸಿಕ್ಕಿ ನರಳಿದ ಕತೆ ಅದರಲ್ಲಿದೆ. ಚೀನಾದ ದೊಡ್ಡ ಅಧಿಕಾರಿಗಳು ಓದಿದರು, ಜಪಾನಿನಲ್ಲಿ ಮರುಮುದ್ರಣವಾಯಿತು. ತಲೆತಪ್ಪಿಸಿಕೊಂಡ ಅಪರಾಧಿ ಇದ್ದಕ್ಕಿದ್ದಂತೆ ಯುರೋಪಿನ ವಿಷಯದಲ್ಲಿ ಪ್ರಮಾಣವಾದ.

ಲೆಗ್ ಚೀನಾ ಬಿಡುವ ಹೊತ್ತಿಗೆ ಮಿಷನ್ನಿನ ಅಚ್ಚುಕೂಟ ಮಾರಾಟಕ್ಕೆ ಬಂತು. ವಾಂಗ್ ತಾವೊ ಮತ್ತು ಹುವಾಂಗ್ ಶೆಂಗ್ ಎಂಬ ಗೆಳೆಯ ಸೇರಿ ಯಂತ್ರ, ಅಚ್ಚುಮೊಳೆ ಎಲ್ಲವನ್ನೂ 10,000 ಮೆಕ್ಸಿಕನ್ ಡಾಲರಿಗೆ ಕೊಂಡರು. (ಆ ಕಾಲದಲ್ಲಿ ಚೀನಾದ ಬಂದರುಗಳಲ್ಲಿ ಓಡುತ್ತಿದ್ದದ್ದು ಮೆಕ್ಸಿಕೋದ ಬೆಳ್ಳಿ ನಾಣ್ಯ.) ಬೈಬಲಿಗಾಗಿ ಎರಕ ಹೊಯ್ದ ಮೊಳೆಗಳು ಸಂಪಾದಕೀಯಕ್ಕೆ ಬಂದದ್ದು ಹೀಗೆ. ಪತ್ರಿಕೆಗೆ ಇಟ್ಟ ಹೆಸರಿನಲ್ಲಿ ‘ಶುನ್‌ಹುವಾನ್’ ಎಂದರೆ ಸುತ್ತು ತಿರುಗುವುದು. ಏರಿದ್ದು ಇಳಿಯುತ್ತದೆ, ಇಳಿದದ್ದು ಏರುತ್ತದೆ, ಇಂದು ಸೋತ ಚೀನಾ ನಾಳೆ ಏಳಬಹುದು ಎಂಬ ಆಸೆ ಆ ಹೆಸರಿನಲ್ಲಿತ್ತು.

ಪತ್ರಿಕೆಯ ಬಹುಭಾಗ ಸರಕಿನ ಧಾರಣೆ, ಹಡಗುಗಳ ಬರವು-ಹೋಗು, ಜಾಹೀರಾತು. ಓದುಗರು ವ್ಯಾಪಾರಿಗಳು. ಬಾಡಿಗೆ ಕಟ್ಟಬೇಕಾದ ಪತ್ರಿಕೆಗೆ ಅದು ಬೇಕು. ಉಳಿದದ್ದರಲ್ಲಿ ಬೀಜಿಂಗಿನ ರಾಜಪತ್ರದ ಆಯ್ದ ಭಾಗಗಳು, ಕ್ಯಾಂಟನ್ನಿನ ಸುದ್ದಿ, ವಿದೇಶದ ಸುದ್ದಿ. ಆ ರಾಜಪತ್ರ ನೂರಾರು ವರ್ಷಗಳಿಂದ ಇತ್ತು. ಆದರೆ ಅದರಲ್ಲಿ ಇದ್ದದ್ದು ಚಕ್ರವರ್ತಿ ಏನೆಂದ, ಅಧಿಕಾರಿ ಏನು ಬಿನ್ನವಿಸಿಕೊಂಡ ಎಂಬುದಷ್ಟೇ. ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ. ‘ಶುನ್‌ಹುವಾನ್ ರಿಬಾವೊ’ದಲ್ಲಿ ಹೊಸತಾಗಿ ಬಂದದ್ದು ಸಂಪಾದಕನ ಮಾತು. ರಾಜನೊಬ್ಬನೇ ಆಳುವ ದೇಶ, ಜನರೇ ಆಳುವ ದೇಶ, ರಾಜನೂ ಜನರೂ ಕೂಡಿ ಆಳುವ ದೇಶ ಎಂದು ಮೂರು ಬಗೆ ಮಾಡಿ ಮೂರನೆಯದೇ ಒಳ್ಳೆಯದೆಂದು ಬ್ರಿಟನ್ನನ್ನು ತೋರಿಸಿ ಬರೆದ. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಮಾತು ನಿಂತುಹೋಗಿರುವುದೇ ಚೀನಾದ ರೋಗ ಎಂದ. ಬಾಯಿಪಾಠದ ಪರೀಕ್ಷೆ ಬದಲಾಗಬೇಕೆಂದ. ಚೀನಾದ ನೆಲದಲ್ಲಿ ತಪ್ಪು ಮಾಡಿದ ವಿದೇಶಿಯರನ್ನು ಚೀನಾದ ನ್ಯಾಯಾಲಯ ವಿಚಾರಿಸುವಂತಿಲ್ಲ ಎಂಬ ಒಪ್ಪಂದದ ಹಕ್ಕನ್ನು ಕಿತ್ತೆಸೆಯಬೇಕೆಂದ.

ಈ ಕೊನೆಯ ಮಾತಿನ ಬಳಿ ಒಂದು ಕ್ಷಣ ನಿಲ್ಲಬೇಕು. ಆತನ ತಲೆ ಉಳಿದದ್ದೇ ಬ್ರಿಟಿಷ್ ಕಾನ್ಸುಲ್ ಕಚೇರಿಯ ಗೋಡೆಗಳಿಂದ. ಪತ್ರಿಕೆ ಹೊರಟದ್ದೂ ಬ್ರಿಟಿಷರ ಹಾಂಗ್‌ಕಾಂಗ್‌ನಿಂದ; ಚೀನಾದ ಒಳಗಿನಿಂದ ಹೀಗೆ ಬರೆಯುವುದು ಆಗ ಸಾಧ್ಯವಿರಲಿಲ್ಲ. ಆ ನೆರಳಿನಲ್ಲಿ ಕುಳಿತೇ ಆ ಮರವನ್ನು ಕಡಿಯಬೇಕೆಂದು ಬರೆಯುತ್ತಿದ್ದ. ಇದನ್ನು ಕೃತಘ್ನತೆ ಎನ್ನುವವರಿದ್ದಾರೆ. ನನಗೆ ಅದು ಆತನ ಬದುಕಿನ ಅತ್ಯಂತ ಪ್ರಾಮಾಣಿಕ ಘಳಿಗೆಯಾಗಿ ಕಾಣುತ್ತದೆ. ವಸಾಹತಿನಲ್ಲಿ ಬರೆದವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಸಾಹೇಬನ ಮೊಳೆಗಳಲ್ಲೇ ಸಾಹೇಬನ ವಿರುದ್ಧ ಅಚ್ಚುಹಾಕಿದವರು.

ಪತ್ರಿಕೆಗಳ ಬಗ್ಗೆಯೇ ಒಂದು ಲೇಖನ ಬರೆದ. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯನ್ನು ಜನ ಪವಿತ್ರ ಪರ್ವತವನ್ನು ನೋಡಿದಂತೆ ತಲೆಯೆತ್ತಿ ನೋಡುತ್ತಾರೆ, ದೊಡ್ಡ ವಿಷಯಗಳಲ್ಲಿ ಅದರ ಮಾತಿಗೆ ಕಾಯುತ್ತಾರೆ ಎಂದು ಬೆರಗಿನಿಂದ ಹೇಳಿದ. ಸಂಪಾದಕ ಎಂಬ ಕೆಲಸಕ್ಕೆ ಒಳ್ಳೆಯವರನ್ನೇ ಆರಿಸಬೇಕು, ಹಗೆ ತೀರಿಸಿಕೊಳ್ಳಲು ಕುಂಚ ಬಳಸುವವರು ಬೇಡ ಎಂದ. ಬೈಬಲ್ ತಿದ್ದುವ ಕೂಲಿಯಾಗಿ ನಾಚಿದವನಿಗೆ ಈಗ ತನ್ನ ಕಸುಬಿನ ಮಾನ ಸಿಕ್ಕಿತ್ತು. ಶಾಂಘೈಯಲ್ಲಿ 1872ರಲ್ಲಿ ಅರ್ನೆಸ್ಟ್ ಮೇಜರ್ ಎಂಬ ಇಂಗ್ಲಿಷ್ ವ್ಯಾಪಾರಿ ಆರಂಭಿಸಿದ್ದ ‘ಷೆನ್‌ಬಾವೊ’ ದಿನಪತ್ರಿಕೆಯ ಸಂಪಾದಕ ವರ್ಗದಲ್ಲಿ ಆತನ ಅಳಿಯನೇ ಇದ್ದ. ಮಾವನ ಲೇಖನಗಳು ಅಲ್ಲಿಗೂ ತಲುಪುತ್ತಿದ್ದವು.

ಬಟ್ಟಲು ಮಾತ್ರ ಕೈಬಿಡಲಿಲ್ಲ. 1879ರಲ್ಲಿ ಜಪಾನಿನ ವಿದ್ವಾಂಸರೂ ಪತ್ರಕರ್ತರೂ ಕರೆದಾಗ ಸುಮಾರು ನಾಲ್ಕು ತಿಂಗಳು ಅಲ್ಲಿ ಸುತ್ತಿದ. ಅವರು ನಿರೀಕ್ಷಿಸಿದ್ದು ಯುರೋಪನ್ನು ಕಂಡ ಚಿಂತಕನನ್ನು. ಬಂದವನು ಪ್ರತಿ ರಾತ್ರಿ ಗೇಯ್ಷಾಗಳ ಕೂಟದಲ್ಲಿ ಪದ್ಯ ಹೊಸೆಯುವವನು. ಈ ವಯಸ್ಸಿನಲ್ಲಿ ಇದೇನು ಎಂದವರಿಗೆ ಹಳೆಯ ಗ್ರಂಥಗಳಿಂದ ಉದಾಹರಣೆ ಎತ್ತಿ ಕೊಟ್ಟ, ಮುಚ್ಚಿಟ್ಟು ಮಾಡುವವರಿಗಿಂತ ತಾನು ಮೇಲು ಎಂದ, ಇದೆಲ್ಲವನ್ನೂ ದಿನಚರಿಯಲ್ಲಿ ಬರೆದು ಪ್ರಕಟಿಸಿಯೂಬಿಟ್ಟ. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಶಾಂಘೈಯ ಗಣಿಕೆಯರ ಬಗ್ಗೆ ಆತ ಪುಸ್ತಕವನ್ನೇ ಬರೆದಿದ್ದಾನೆ. ಅವರ ರೂಪ, ಹಾಡು, ಮುನಿಸು ಎಲ್ಲ ಅಲ್ಲಿವೆ. ಬರಗಾಲದಲ್ಲಿ, ಯುದ್ಧದಲ್ಲಿ ಮಾರಾಟವಾಗಿ ಅಲ್ಲಿಗೆ ಬಂದ ಹುಡುಗಿಯರ ನೋವಿಗೆ ಮರುಗುತ್ತಾನೆ, ಆದರೆ ಆ ಮರುಕವೂ ಒಂದು ರಸವಾಗಿ ಬಟ್ಟಲಿನೊಳಗೇ ಬೀಳುತ್ತದೆ. ವಿದೇಶಿಯರ ಅನ್ಯಾಯದ ಒಪ್ಪಂದವನ್ನು ಅಷ್ಟು ಚೂಪಾಗಿ ಕಂಡ ಕಣ್ಣಿಗೆ ಪಕ್ಕದಲ್ಲೇ ಕುಳಿತು ಹಾಡುತ್ತಿದ್ದವಳ ಒಪ್ಪಂದ ಕಾಣಲಿಲ್ಲ. 1884ರಲ್ಲಿ ಶಾಂಘೈಗೆ ಬಂದ ಜಪಾನೀ ಗೆಳೆಯ ಓಕಾ ಸೆಂಜಿನ್, ವಾಂಗ್ ತಾವೊ ಅಫೀಮಿನ ಚಟಕ್ಕೂ ಬಿದ್ದಿದ್ದಾನೆಂದು ಬೇಸರದಿಂದ ಬರೆದಿದ್ದಾನೆ.

ಅದೇ 1884ರಲ್ಲಿ, ಲಿ ಹೊಂಗ್‌ಝಾಂಗನಂಥ ದೊಡ್ಡ ಅಧಿಕಾರಿಯ ಮೌನ ಸಮ್ಮತಿಯಿಂದ, ವಾಂಗ್ ತಾವೊ 22 ವರ್ಷಗಳ ಮೇಲೆ ಶಾಂಘೈಗೆ ಮರಳಿದ್ದ. ಮೇಜರನ ಕಂಪನಿ ಆ ಮೇ ತಿಂಗಳಿನಿಂದ ‘ದಿಯಾನ್‌ಶಿಝಾಯ್ ಹುವಾಬಾವೊ’ ಎಂಬ ಸಚಿತ್ರ ಪತ್ರಿಕೆಯನ್ನು ಹೊರಡಿಸುತ್ತಿತ್ತು. ಹತ್ತು ದಿನಕ್ಕೊಂದು ಸಂಚಿಕೆ, ಕಲ್ಲಚ್ಚಿನ ಚಿತ್ರಗಳು. ಅದರಲ್ಲಿ ವಾಂಗ್ ತಾವೊನ ಕತೆಗಳು ಧಾರಾವಾಹಿಯಾಗಿ ಬರತೊಡಗಿದವು, ಹೆಸರಾಂತ ಚಿತ್ರಕಾರ ವು ಯೂರುವಿನ ಚಿತ್ರಗಳ ಜೊತೆ. ಪು ಸೊಂಗ್‌ಲಿಂಗನ ‘ಲಿಯಾವ್‌ಝಾಯ್’ ಕತೆಗಳ ದಾರಿಯಲ್ಲಿ ನರಿಯಾಗಿ ಬರುವ ಹೆಣ್ಣು, ಮಾಯಾದ್ವೀಪ, ಅಪ್ಸರೆ. ಆದರೆ ಈ ಅಪ್ಸರೆಯರ ನಡುವೆ ಮೇರಿ ಎಂಬ ಇಂಗ್ಲಿಷ್ ಹೆಣ್ಣು ಹಡಗು ಹತ್ತಿ ಚೀನಾಕ್ಕೆ ಹೊರಡುತ್ತಾಳೆ, ಚೀನೀ ತರುಣನಿಗೆ ಮನಸೋಲುತ್ತಾಳೆ. ಅಬರ್ಡೀನಿನ ಮಕ್ಕಳು ಹೆಂಗಸೆಂದು ಕರೆದ ಮನುಷ್ಯ ಕತೆಯಲ್ಲಿ ತೀರಿಸಿಕೊಂಡ ಸೇಡು ಇದು ಎಂದು ನನ್ನೊಳಗಿನ ಕತೆಗಾರ ಪಿಸುಗುಟ್ಟುತ್ತಾನೆ. ಮುನ್ನುಡಿಯಲ್ಲಿ ಸ್ವತಃ ಹೇಳಿಕೊಂಡಿದ್ದಾನೆ: ಪಶ್ಚಿಮದವರು ಇಂಥ ದೆವ್ವ ಭೂತಗಳನ್ನು ನಂಬುವುದಿಲ್ಲ, ಅವರು ಉಗಿಹಡಗು, ಉಗಿಬಂಡಿ ಮಾಡಿದರು, ನನಗೋ ಲೋಕಕ್ಕೆ ಉಪಯೋಗವಾಗುವ ಅವಕಾಶ ಸಿಗಲಿಲ್ಲ, ಅದಕ್ಕೇ ಇವುಗಳ ಮೊರೆಹೊಕ್ಕೆ ಎಂಬರ್ಥದಲ್ಲಿ. ಲಖ್ನೋದ ‘ಅವಧ್ ಅಖ್ಬಾರ್’ ಪುಟಗಳಲ್ಲಿ 1878ರಿಂದ ಸರ್‌ಶಾರನ ‘ಫಸಾನಾ-ಎ-ಆಜಾದ್’ ಹರಿದುಬಂದದ್ದು ಇದಕ್ಕೆ ಕೆಲವೇ ವರ್ಷ ಮೊದಲು. ಪತ್ರಿಕೆ ಎಲ್ಲೇ ಹುಟ್ಟಲಿ, ಅದರ ಮಗ್ಗುಲಲ್ಲಿ ಒಬ್ಬ ಕತೆಗಾರ ಬಂದು ಕೂರುತ್ತಾನೆ. ವಾಂಗ್ ತಾವೊನ ಕತೆಗಳು ಎಷ್ಟು ಖರ್ಚಾದವೆಂದರೆ ಕಳ್ಳಮುದ್ರಕರು ಅವನ್ನು ‘ಲಿಯಾವ್‌ಝಾಯ್’ಯ ಮುಂದುವರಿದ ಭಾಗವೆಂದು ಹೆಸರು ಬದಲಿಸಿ ಮಾರಿದರು.

ಕೊನೆಯ ಹತ್ತು ವರ್ಷ ಶಾಂಘೈಯ ‘ಗೆಝಿ ಶುಯುವಾನ್’ ಎಂಬ ವಿಜ್ಞಾನ ಸಂಸ್ಥೆಯ ಹೊಣೆ ಆತನ ಮೇಲಿತ್ತು. 1886ರಿಂದ ಅಲ್ಲಿ ಪ್ರಬಂಧ ಸ್ಪರ್ಧೆಗಳು ನಡೆದವು. ಲಿ ಹೊಂಗ್‌ಝಾಂಗನಂಥವರೇ ಪ್ರಶ್ನೆ ಕೊಡುತ್ತಿದ್ದರು. ವಿಷಯ ಕನ್‌ಫ್ಯೂಷಿಯಸನ ವಾಕ್ಯಗಳಲ್ಲ. ರೈಲು, ವಿಜ್ಞಾನ, ವ್ಯಾಪಾರ, ಗಡಿ ರಕ್ಷಣೆ. 1846ರಲ್ಲಿ ನಾನ್‌ಜಿಂಗಿನ ಪರೀಕ್ಷೆಯಲ್ಲಿ ಫೇಲಾದ ಹುಡುಗ ಈಗ ದೇಶದ ತರುಣರ ಉತ್ತರಪತ್ರಿಕೆ ನೋಡುವ ಮೇಷ್ಟ್ರು. ಹಳೆಯ ಪರೀಕ್ಷೆ ರದ್ದಾದದ್ದು 1905ರಲ್ಲಿ. ಅಷ್ಟು ದಿನ ಆತ ಬದುಕಿರಲಿಲ್ಲ.

1894ರಲ್ಲಿ ದಕ್ಷಿಣದಿಂದ ಒಬ್ಬ ಯುವ ಡಾಕ್ಟರು ಶಾಂಘೈಗೆ ಬಂದು ಆತನನ್ನು ಕಂಡ. ಲಿ ಹೊಂಗ್‌ಝಾಂಗನಿಗೆ ಸುಧಾರಣೆಯ ಬಗ್ಗೆ ಬರೆದ ಒಂದು ಉದ್ದನೆಯ ಮನವಿ ಕೈಯಲ್ಲಿತ್ತು. ಆ ಡಾಕ್ಟರ ಹೆಸರು ಸುನ್ ಯಾತ್ ಸೆನ್. ವಾಂಗ್ ತಾವೊ ಮನವಿಯ ಭಾಷೆಯನ್ನು ತಿದ್ದಿಕೊಟ್ಟ. ಲಿ ಹೊಂಗ್‌ಝಾಂಗ್ ಆ ತರುಣನನ್ನು ಭೇಟಿಯಾಗಲಿಲ್ಲ. ಆದರೆ ಈ ಸಲ ತಿರಸ್ಕೃತ ಅರ್ಜಿ ಕಸದ ಬುಟ್ಟಿಗೆ ಹೋಗಲಿಲ್ಲ. ಅದೇ ವರ್ಷ ಮಿಷನರಿಗಳ ‘ವಾಂಗುವೊ ಗೊಂಗ್‌ಬಾವೊ’ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ವಾಂಗ್ ತಾವೊ ಸ್ವತಃ ಬರೆಯುತ್ತಿದ್ದ ಪತ್ರಿಕೆ ಅದು. ಅರ್ಜಿ ಬರೆದವನು ಬಂಡಾಯದ ಹಾದಿ ಹಿಡಿದು 1912ರ ಮೊದಲ ದಿನ ಚೀನಾ ಗಣರಾಜ್ಯದ ಮೊದಲ ಅಧ್ಯಕ್ಷನಾದ. ತಿದ್ದಿಕೊಟ್ಟವನು ಶಾಂಘೈಯಲ್ಲೇ 1897ರಲ್ಲಿ ತೀರಿಕೊಂಡ. ಆ ಹೊತ್ತಿಗೆ ಅದೇ ನಗರದಲ್ಲಿ ಲಿಯಾಂಗ್ ಚಿಚಾವೊ ಎಂಬ ಇಪ್ಪತ್ತರ ಹರೆಯದ ಇನ್ನೊಬ್ಬ ಸಂಪಾದಕ, ಹಿಂದಿನ ವರ್ಷವಷ್ಟೇ ಹೊರಟಿದ್ದ ‘ಶಿವು ಬಾವೊ’ ಪತ್ರಿಕೆಯಲ್ಲಿ, ಕಾನೂನುಗಳು ಬದಲಾಗಲೇಬೇಕೆಂದು ಹತ್ತು ದಿನಕ್ಕೊಮ್ಮೆ ಬರೆಯುತ್ತಿದ್ದ.